ನಿರಂತರ ತಡೆಯ ಲೆಕ್ಕ: ಔಷಧಗಳ ಪರಿಣಾಮವನ್ನು ನರಕೋಶದ ಮಾದರಿ ಕಟ್ಟಿ ನೋಡಿದ ನನ್ನ ಅನುಭವ

ಮೂರ್ಛೆರೋಗದ ಔಷಧಗಳನ್ನು ಪಾಠ ಮಾಡುವಾಗ ಡಯಾಜೆಪಾಮ್, ಫಿನೋಬಾರ್ಬಿಟೋನ್, ವಿಗಾಬಾಟ್ರಿನ್, ಟಿಯಾಗಾಬಿನ್ ಇವೆಲ್ಲವನ್ನೂ ‘ಗ್ಯಾಬಾದ ಪ್ರಭಾವವನ್ನು ಹೆಚ್ಚಿಸುವ ಔಷಧಗಳು’ (ಗ್ಯಾಬಾ ಎಂದರೆ ನರಕೋಶಗಳ ಚಟುವಟಿಕೆಯನ್ನು ತಡೆಯುವ, ಮೆದುಳಿನದೇ ರಾಸಾಯನಿಕ) ಎಂಬ ಒಂದೇ ಗುಂಪಿಗೆ ಹಾಕಿ ಮುಂದಿನ ಅಧ್ಯಾಯಕ್ಕೆ ಹೋಗುವುದು ನಮ್ಮಲ್ಲಿ ರೂಢಿಯಾಗಿದೆ. ಹುಬ್ಬಳ್ಳಿಯ ವೈದ್ಯಕೀಯ ಕಾಲೇಜೊಂದರಲ್ಲಿ ಔಷಧಶಾಸ್ತ್ರ ಕಲಿಸುವ ನಾನೂ ಹಾಗೆಯೇ ಕಲಿಸುತ್ತಿದ್ದೆ. ವಿಗಾಬಾಟ್ರಿನ್ ಮತ್ತು ಟಿಯಾಗಾಬಿನ್ ಮಕ್ಕಳ ಆಬ್ಸೆನ್ಸ್ ಮೂರ್ಛೆಯನ್ನು, ಅಂದರೆ ಮಗು ಕೆಲವು ಕ್ಷಣ ನೆಟ್ಟ ನೋಟದಲ್ಲಿ ಸ್ತಬ್ಧವಾಗಿಬಿಡುವ ಬಗೆಯ ಮೂರ್ಛೆಯನ್ನು, ಕಡಿಮೆ ಮಾಡುವ ಬದಲು ಹೆಚ್ಚಿಸುತ್ತವೆ ಎಂದು ಹೇಳಿದಾಗ ಗದಗಿನ ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ‘ಸರ್, ಗ್ಯಾಬಾ ಹೆಚ್ಚಾದರ ಫಿಟ್ಸ್ ಕಮ್ಮಿ ಆಗಬೇಕಲ್ರೀ? ಮತ್ತ ಇಲ್ಯಾಕ ಜಾಸ್ತಿ ಆಗ್ತಾವ?’ ಎಂದು ಕೇಳಿದಳು. ಪಠ್ಯದಲ್ಲಿ ಇರುವ ಒಂದು ಸಾಲಿನ ಉತ್ತರವನ್ನು ನಾನು ಕೊಡಬಹುದಿತ್ತು. ಆದರೆ ಆ ಉತ್ತರವನ್ನು ಅಂಕಿಗಳಲ್ಲಿ ತೋರಿಸಲು ಸಾಧ್ಯವೇ ಎಂಬ ಯೋಚನೆ ಹತ್ತಿದ್ದರಿಂದ, ನಮ್ಮ ವಿಭಾಗದ ಕೆಲವು ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಜೊತೆಗೆ ಕೂರಿಸಿಕೊಂಡು ಈ ಕೆಲಸಕ್ಕೆ ಕೈಹಾಕಿದೆ.

ಉತ್ತರದ ಬೇರು ಇರುವುದು ಟಾನಿಕ್ ಇನ್‌ಹಿಬಿಷನ್ ಎಂದು ಕರೆಯುವ ನಿರಂತರ ತಡೆಯಲ್ಲಿ. ಒಂದು ನರಕೋಶ ಇನ್ನೊಂದನ್ನು ಸಿನ್ಯಾಪ್ಸಿನಲ್ಲಿ, ಅಂದರೆ ಅವೆರಡೂ ಸಂಧಿಸುವ ಜಾಗದಲ್ಲಿ, ತಡೆಯುವಾಗ, ಆ ಕಿರಿದಾದ ಸಂದಿಯಲ್ಲಿ ಗ್ಯಾಬಾದ ಸಾಂದ್ರತೆ ಮಿಲಿಮೋಲಾರ್ ಮಟ್ಟಕ್ಕೆ ಏರಿ, ಮಿಲಿಸೆಕೆಂಡಿನೊಳಗೆ ಇಳಿದುಹೋಗುತ್ತದೆ. ಅಲ್ಲಿರುವ ಗ್ಯಾಬಾ-ಎ ಗ್ರಾಹಕಗಳು (ಗ್ಯಾಬಾ ಅಂಟಿದಾಗ ತೆರೆಯುವ, ಪೊರೆಯಲ್ಲಿನ ಪ್ರೋಟೀನ್ ಬಾಗಿಲುಗಳು) ತೆರೆದು, ಕ್ಲೋರೈಡ್ ಅಯಾನುಗಳಿಗೆ ದಾರಿ ಮಾಡಿಕೊಟ್ಟು, ಕೆಲವು ಹತ್ತು ಮಿಲಿಸೆಕೆಂಡುಗಳಲ್ಲಿ ಮುಚ್ಚಿಕೊಳ್ಳುತ್ತವೆ. ಇದು ಕ್ಷಣಿಕ ತಡೆ. ಇದಲ್ಲದೆ ಕೋಶಗಳ ನಡುವಿನ ದ್ರವದಲ್ಲಿ ಸದಾಕಾಲ ಸ್ವಲ್ಪ ಗ್ಯಾಬಾ ಇದ್ದೇ ಇರುತ್ತದೆ. ಅದರ ಸಾಂದ್ರತೆ ಮೈಕ್ರೋಮೋಲಾರಿನ ಹತ್ತನೆಯ ಭಾಗಗಳಿಂದ ಒಂದೆರಡು ಮೈಕ್ರೋಮೋಲಾರಿನವರೆಗೆ ಇರಬಹುದು. ಇಷ್ಟು ಅಲ್ಪ ಪ್ರಮಾಣಕ್ಕೂ ಓಗೊಡುವ ಗ್ರಾಹಕಗಳು ಸಿನ್ಯಾಪ್ಸಿನ ಹೊರಗೆ ಪೊರೆಯ ಮೇಲೆ ಹರಡಿಕೊಂಡಿವೆ. ಕಿರುಮೆದುಳಿನ ಗ್ರಾನ್ಯೂಲ್ ಕೋಶಗಳಲ್ಲಿ ಆಲ್ಫಾ-6 ಮತ್ತು ಡೆಲ್ಟಾ, ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸಿನ ಡೆಂಟೇಟ್ ಭಾಗದಲ್ಲಿಯೂ ಮೆದುಳಿನ ನಡುವಿನ ಥಾಲಮಸಿನಲ್ಲಿಯೂ ಆಲ್ಫಾ-4 ಮತ್ತು ಡೆಲ್ಟಾ, ಹಿಪ್ಪೊಕ್ಯಾಂಪಸಿನ ಪಿರಮಿಡ್ ಕೋಶಗಳಲ್ಲಿ ಮುಖ್ಯವಾಗಿ ಆಲ್ಫಾ-5 ಎಂಬ ಉಪಘಟಕಗಳು, ಅಂದರೆ ಗ್ರಾಹಕವನ್ನು ಕಟ್ಟುವ ಬಿಡಿಭಾಗಗಳು, ಈ ಗ್ರಾಹಕಗಳಲ್ಲಿ ಸೇರಿವೆ. ಇವು ಹಗಲಿರುಳೂ ಅಷ್ಟಿಷ್ಟು ತೆರೆದೇ ಇರುವುದರಿಂದ ಹರಿಯುವ ಪ್ರವಾಹವೇ ನಿರಂತರ ತಡೆ. 1990ರ ದಶಕದ ನಡುಭಾಗದಲ್ಲಿ ಇಲಿಗಳ ಕಿರುಮೆದುಳಿನ ಗ್ರಾನ್ಯೂಲ್ ಕೋಶಗಳಲ್ಲಿ ಅಳತೆ ಮಾಡುತ್ತಿದ್ದವರು ಗ್ಯಾಬಾ-ಎ ಗ್ರಾಹಕಗಳನ್ನು ಕೆಲಸ ಮಾಡದಂತೆ ಮಾಡುವ ವಸ್ತುವನ್ನು ಹಾಕಿದಾಗ ಬಿಡಿಬಿಡಿ ಸಿನ್ಯಾಪ್ಸ್ ಸಂಕೇತಗಳು ಮಾಯವಾದದ್ದಲ್ಲದೆ, ಪ್ರವಾಹದ ತಳರೇಖೆಯೇ ಸರಿದುಬಿಟ್ಟದ್ದನ್ನು ಗಮನಿಸಿದರು. ಆ ಸರಿತವೇ ಇಂದಿಗೂ ನಿರಂತರ ತಡೆಯನ್ನು ಅಳೆಯುವ ಮಾನದಂಡವಾಗಿದೆ.

ಇದನ್ನು ನಿಜವಾದ ಕೋಶದಲ್ಲಿ ಅಳೆಯಬೇಕಾದರೆ ಒಂದೇ ಕೋಶದ ಪ್ರವಾಹವನ್ನು ಅಳೆಯುವ ಪ್ಯಾಚ್ ಕ್ಲ್ಯಾಂಪ್ ಉಪಕರಣ, ಮೆದುಳನ್ನು 300 ಮೈಕ್ರಾನ್ ದಪ್ಪದ ಹೋಳುಗಳಾಗಿ ಕತ್ತರಿಸುವ ಯಂತ್ರ, ಕಂಪನವಿಲ್ಲದ ಮೇಜು, ಪ್ರಾಣಿಪ್ರಯೋಗದ ಅನುಮತಿ ಮತ್ತು ವರ್ಷಗಟ್ಟಲೆ ಪಳಗಿದ ಕೈ ಬೇಕು. ಇವು ನಮ್ಮ ವಿಭಾಗದಲ್ಲಿ ಇಲ್ಲ. ಆದರೆ ಅಂತಹ ಪ್ರಯೋಗಾಲಯಗಳು ಮೂವತ್ತು ವರ್ಷಗಳಿಂದ ಅಳೆದು ಪ್ರಕಟಿಸಿದ ಅಂಕಿಗಳು ಇವೆ, ಮತ್ತು ಅವುಗಳನ್ನು ಇಟ್ಟುಕೊಂಡು ನರಕೋಶದ ವಿದ್ಯುತ್ ವರ್ತನೆಯನ್ನು ಲೆಕ್ಕ ಹಾಕುವ ನ್ಯೂರಾನ್ ಎಂಬ ತಂತ್ರಾಂಶ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಮೈಕೆಲ್ ಹೈನ್ಸ್ ಮತ್ತು ಟೆಡ್ ಕಾರ್ನೆವಾಲೆ ಇದನ್ನು ಯೇಲ್ ವಿಶ್ವವಿದ್ಯಾಲಯದಲ್ಲಿ ಬೆಳೆಸಿದರು. ಪೈಥಾನ್ ಭಾಷೆಯ ಮೂಲಕ ಅದನ್ನು ನಡೆಸಬಹುದು. ಒಂದೇ ಕೋಶದ ಮಾದರಿಗೆ ಸಾಧಾರಣ ಲ್ಯಾಪ್‌ಟಾಪ್ ಸಾಕಾಗುತ್ತದೆ. ನನಗೆ ಪೈಥಾನ್ ಅಲ್ಪಸ್ವಲ್ಪ ತಿಳಿದಿತ್ತು. ವಿದ್ಯುತ್ ಮಂಡಲದ ಸಮೀಕರಣಗಳಲ್ಲಿ ತೊಡಕು ಬಂದಾಗ ಧಾರವಾಡದ ಭೌತಶಾಸ್ತ್ರದ ಅಧ್ಯಾಪಕ ಮಿತ್ರರೊಬ್ಬರು ಬಿಡುವು ಮಾಡಿಕೊಂಡು ಹುಬ್ಬಳ್ಳಿಗೆ ಬಂದು ನಮ್ಮೊಂದಿಗೆ ಕೂತರು.

ಮೊದಲ ಮಾದರಿಯನ್ನು ನಾನು ಬೇಕೆಂದೇ ಅತಿ ಸರಳವಾಗಿ ಇಟ್ಟುಕೊಂಡೆ, ಏಕೆಂದರೆ ಕಂಪ್ಯೂಟರ್ ಕೊಡುವ ಪ್ರತಿ ಉತ್ತರವನ್ನೂ ವಿದ್ಯಾರ್ಥಿಗಳು ಕಾಗದದ ಮೇಲೆ ಪರಿಶೀಲಿಸುವಂತಿರಬೇಕು ಎಂಬುದು ನನ್ನ ಹಟವಾಗಿತ್ತು. ಹತ್ತು ಮೈಕ್ರಾನ್ ಉದ್ದ ಮತ್ತು ಹತ್ತು ಮೈಕ್ರಾನ್ ವ್ಯಾಸದ ಒಂದೇ ಕೊಳವೆಯನ್ನು ಕೋಶವೆಂದು ತೆಗೆದುಕೊಂಡರೆ, ತಂತ್ರಾಂಶವು ಪಕ್ಕದ ಮೇಲ್ಮೈಯನ್ನು ಮಾತ್ರ ಎಣಿಸುವುದರಿಂದ, ವಿಸ್ತೀರ್ಣ 314 ಚದರ ಮೈಕ್ರಾನ್ ಆಗುತ್ತದೆ. ಚದರ ಸೆಂಟಿಮೀಟರಿಗೆ 1 ಮೈಕ್ರೋಫ್ಯಾರಡ್ ಎಂಬ ರೂಢಿಯ ಧಾರಕತೆಯನ್ನು (ಪೊರೆ ವಿದ್ಯುದಂಶವನ್ನು ಹಿಡಿದಿಡುವ ಶಕ್ತಿಯನ್ನು) ಹಿಡಿದರೆ ಕೋಶದ ಒಟ್ಟು ಧಾರಕತೆ ಸುಮಾರು 3.14 ಪಿಕೋಫ್ಯಾರಡ್. ಇದು ಕಿರುಮೆದುಳಿನ ಗ್ರಾನ್ಯೂಲ್ ಕೋಶಕ್ಕೆ ಹತ್ತಿರದ ಅಂಕಿ. ಪೊರೆಯ ಸಹಜ ಸೋರಿಕೆಯ ವಾಹಕತೆಯನ್ನು, ಅಂದರೆ ಪ್ರವಾಹ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬ ಅಳತೆಯನ್ನು, 0.5 ನ್ಯಾನೋಸೀಮನ್ಸ್ ಎಂದು, ವಿಶ್ರಾಂತಿ ವಿಭವವನ್ನು (ಪ್ರಚೋದನೆ ಇಲ್ಲದಾಗ ಪೊರೆಯ ಒಳಹೊರಗಿನ ವೋಲ್ಟೇಜ್ ವ್ಯತ್ಯಾಸವನ್ನು) −70 ಮಿಲಿವೋಲ್ಟ್ ಎಂದು ಇಟ್ಟೆ. ಆಗ ಕೋಶದ ರೋಧ 2 ಗಿಗಾಓಮ್, ಕಾಲಸ್ಥಿರಾಂಕ, ಅಂದರೆ ವಿಭವ ಬದಲಾಗುವ ವೇಗವನ್ನು ಹೇಳುವ ಕಾಲಾವಧಿ, 6.3 ಮಿಲಿಸೆಕೆಂಡು.

ಈ ಹಂತದಲ್ಲಿ ಎಚ್ಚರ ವಹಿಸಬೇಕಾದ ಎರಡು ಸಂಗತಿಗಳಿವೆ. ನ್ಯೂರಾನ್ ತಂತ್ರಾಂಶದಲ್ಲಿ ತಾಪಮಾನವನ್ನು ನಾವು ಹೇಳದೇ ಬಿಟ್ಟರೆ ಅದು 6.3 ಡಿಗ್ರಿ ಸೆಲ್ಸಿಯಸ್ ಎಂದು ಹಿಡಿದುಕೊಳ್ಳುತ್ತದೆ. ಸ್ಕ್ವಿಡ್ ಎಂಬ ಸಮುದ್ರಜೀವಿಯ ನರತಂತುವಿನ ಮೇಲೆ ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ ನಡೆಸಿದ ಪ್ರಯೋಗಗಳಿಂದ ಬಂದ ಅಂಕಿ ಅದು. ಸಸ್ತನಿಯ ಕೋಶದ ಮಾದರಿಯಲ್ಲಿ ಅದನ್ನು ಬದಲಿಸದಿದ್ದರೆ ತಾಪಮಾನವನ್ನು ಅವಲಂಬಿಸಿದ ವಾಹಿನಿಗಳ (ಪೊರೆಯಲ್ಲಿ ಅಯಾನುಗಳು ಹಾದುಹೋಗುವ ದಾರಿಗಳ) ವೇಗವೆಲ್ಲ ತಪ್ಪುತ್ತದೆ. ಇನ್ನೊಂದು ಮೂಲಮಾನಗಳ ವಿಷಯ. ಇಡೀ ಪೊರೆಗೆ ಹರಡಿದ ವಾಹಕತೆಯನ್ನು ಚದರ ಸೆಂಟಿಮೀಟರಿಗೆ ಇಷ್ಟು ಸೀಮನ್ಸ್ ಎಂದೂ, ಒಂದು ಬಿಂದುವಿನಲ್ಲಿರುವ ವಾಹಕತೆಯನ್ನು ಮೈಕ್ರೋಸೀಮನ್ಸ್‌ನಲ್ಲೂ, ಪ್ರವಾಹವನ್ನು ನ್ಯಾನೋಆಂಪಿಯರಿನಲ್ಲೂ ಕೊಡಬೇಕು. 0.5 ನ್ಯಾನೋಸೀಮನ್ಸ್ ಎಂಬುದು ಮೊದಲ ಕ್ರಮದಲ್ಲಿ 0.000159, ಎರಡನೆಯದರಲ್ಲಿ 0.0005 ಆಗುತ್ತದೆ. ಧಾರವಾಡದ ಮಿತ್ರರು ಪ್ರತಿಯೊಂದು ಅಂಕಿಯ ಮುಂದೆಯೂ ಮೂಲಮಾನವನ್ನು ಕೈಯಿಂದ ಬರೆಯಿಸಿದರು. ಅದರಿಂದ ಮುಂದೆ ತುಂಬ ಸಮಯ ಉಳಿಯಿತು.

ತಂತ್ರಾಂಶದೊಂದಿಗೆ ಬರುವ ಸೋರಿಕೆಯ ಘಟಕವನ್ನು ಒಂದು ಭಾಗಕ್ಕೆ ಒಂದೇ ಸಲ ಸೇರಿಸಬಹುದಾದ್ದರಿಂದ, ನಿರಂತರ ತಡೆಗೆ ಬೇರೆಯೇ ಒಂದು ಪುಟ್ಟ ಘಟಕವನ್ನು ಬರೆಯಬೇಕಾಯಿತು. ಅದರ ತಿರುಳು ಒಂದೇ ಸಾಲು: ಪ್ರವಾಹವು ವಾಹಕತೆ, ಹಾಗೂ ಕೋಶದ ವಿಭವ ಮತ್ತು ಗ್ಯಾಬಾ ಪ್ರವಾಹದ ತಿರುವು ವಿಭವಗಳ ವ್ಯತ್ಯಾಸ, ಇವೆರಡರ ಗುಣಲಬ್ಧ. ತಿರುವು ವಿಭವವೆಂದರೆ ಆ ಪ್ರವಾಹ ದಿಕ್ಕು ಬದಲಿಸುವ ವಿಭವ. ಮೊದಲಿಗೆ ತಿರುವು ವಿಭವವನ್ನೂ −70 ಮಿಲಿವೋಲ್ಟಿನಲ್ಲೇ ಇಟ್ಟು, ವಾಹಕತೆಯನ್ನು 0.5 ನ್ಯಾನೋಸೀಮನ್ಸ್ ಎಂದು ಕೊಟ್ಟೆವು. ಕೋಶದ ವಿಶ್ರಾಂತಿ ವಿಭವ ಕೂದಲೆಳೆಯಷ್ಟೂ ಕದಲಲಿಲ್ಲ. ಆದರೆ 10 ಪಿಕೋಆಂಪಿಯರ್ ಪ್ರವಾಹವನ್ನು ಒಳಗೆ ಹರಿಸಿದಾಗ, ನಿರಂತರ ತಡೆ ಇಲ್ಲದ ಕೋಶದಲ್ಲಿ ವಿಭವ 20 ಮಿಲಿವೋಲ್ಟ್ ಏರಿದರೆ, ತಡೆ ಇರುವ ಕೋಶದಲ್ಲಿ 10 ಮಿಲಿವೋಲ್ಟ್ ಮಾತ್ರ ಏರಿತು. ತಳದಲ್ಲಿ ತೂತಿರುವ ಕೊಡಕ್ಕೆ ಅದೇ ರಭಸದಲ್ಲಿ ನೀರು ಸುರಿದರೂ ಮಟ್ಟ ಅರ್ಧಕ್ಕೇ ನಿಲ್ಲುವ ಹಾಗೆ. ‘ತಡೆ’ ಎಂದರೆ ವಿಭವವನ್ನು ಕೆಳಗೆ ಎಳೆಯುವುದು ಎಂದಷ್ಟೇ ತಿಳಿದಿದ್ದ ವಿದ್ಯಾರ್ಥಿಗಳಿಗೆ, ಏನನ್ನೂ ಕೆಳಗೆ ಎಳೆಯದೆಯೇ ಕೋಶವನ್ನು ಮಂದಗೊಳಿಸಬಹುದು ಎಂಬುದು ಆ ಎರಡು ಗೆರೆಗಳಲ್ಲಿ ಮನದಟ್ಟಾಯಿತು. ಕಾಲಸ್ಥಿರಾಂಕವೂ 3.1 ಮಿಲಿಸೆಕೆಂಡಿಗೆ ಇಳಿಯುತ್ತದೆ. ಅಂದರೆ ಬೇರೆಬೇರೆ ಹೊತ್ತಿನಲ್ಲಿ ಬರುವ ಪ್ರಚೋದನೆಗಳು ಒಂದರ ಮೇಲೊಂದು ಕೂಡಿಕೊಳ್ಳಲು ಸಿಗುವ ಅವಕಾಶವೂ ಅರ್ಧವಾಗುತ್ತದೆ. ಇದು ಪಾಠದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಅಂಶ.

ಮುಂದಿನ ಲೆಕ್ಕ ನನ್ನನ್ನೇ ಹೆಚ್ಚು ಬೆರಗುಗೊಳಿಸಿತು. ಸಿನ್ಯಾಪ್ಸಿನ ಒಂದು ಕ್ಷಣಿಕ ಸಂಕೇತವು 1 ನ್ಯಾನೋಸೀಮನ್ಸ್ ಎತ್ತರಕ್ಕೆ ಏರಿ 10 ಮಿಲಿಸೆಕೆಂಡಿನ ಕಾಲಸ್ಥಿರಾಂಕದಲ್ಲಿ ಇಳಿಯುತ್ತದೆ, ಅಂತಹ ಸಂಕೇತಗಳು ಸೆಕೆಂಡಿಗೆ ಎರಡು ಬರುತ್ತವೆ ಎಂದಿಟ್ಟುಕೊಂಡರೆ, ಕಾಲದುದ್ದಕ್ಕೂ ಸರಾಸರಿ ಹಾಕಿದಾಗ ಸಿಗುವ ವಾಹಕತೆ 0.02 ನ್ಯಾನೋಸೀಮನ್ಸ್ ಮಾತ್ರ. ಎತ್ತರದಲ್ಲಿ ಅದರ ಅರ್ಧದಷ್ಟೇ ಇರುವ ನಿರಂತರ ತಡೆಯ ಸರಾಸರಿ 0.5, ಅಂದರೆ ಇಪ್ಪತ್ತೈದು ಪಟ್ಟು. ಈಗ ಡಯಾಜೆಪಾಮನ್ನು ಈ ಲೆಕ್ಕದಲ್ಲಿ ಇರಿಸೋಣ. ಡಯಾಜೆಪಾಮ್ ಸೇರಿದ ಬೆಂಜೊಡಯಾಜೆಪೀನ್ ಗುಂಪಿನ ಔಷಧಗಳು ಗ್ರಾಹಕದಲ್ಲಿ ಆಲ್ಫಾ ಮತ್ತು ಗಾಮಾ-2 ಉಪಘಟಕಗಳು ಕೂಡುವ ಜಾಗದಲ್ಲಿ ಅಂಟಿಕೊಳ್ಳುತ್ತವೆ. ಆ ಆಲ್ಫಾ 1, 2, 3 ಅಥವಾ 5 ಆಗಿರಬೇಕು. ಗಾಮಾ-2ರ ಬದಲು ಡೆಲ್ಟಾ ಇರುವ ಗ್ರಾಹಕದಲ್ಲಿ ಅವುಗಳಿಗೆ ಹಿಡಿತವಿಲ್ಲ. ಆದ್ದರಿಂದ ಗ್ರಾನ್ಯೂಲ್ ಕೋಶದ ಮಾದರಿಯಲ್ಲಿ ಡಯಾಜೆಪಾಮ್ ಎಂದರೆ ಕ್ಷಣಿಕ ಸಂಕೇತದ ಇಳಿಕೆಯನ್ನು ನಿಧಾನಗೊಳಿಸುವುದು. ಅದನ್ನು 10ರಿಂದ 20 ಮಿಲಿಸೆಕೆಂಡಿಗೆ ಹಿಗ್ಗಿಸಿದರೂ ಒಟ್ಟು ಸರಾಸರಿ ತಡೆ 0.52ರಿಂದ 0.54ಕ್ಕೆ ಏರುತ್ತದೆ, ಅಷ್ಟೆ. ಇದರಿಂದ ಡಯಾಜೆಪಾಮ್ ದುರ್ಬಲ ಔಷಧವೆಂದು ತಿಳಿಯಬಾರದು. ಸೆಳವಿನ ಹೊತ್ತಿನಲ್ಲಿ ತಡೆಯುವ ಕೋಶಗಳು ಸೆಕೆಂಡಿಗೆ ಹತ್ತಾರು ಸಲ ಸಂಕೇತ ಕಳಿಸುತ್ತವೆ, ಮತ್ತು ಕ್ಷಣಿಕ ತಡೆಯ ಬಲವಿರುವುದು ಅದು ಬರುವ ಹೊತ್ತಿನ ನಿಖರತೆಯಲ್ಲಿ. ಸರಾಸರಿ ಆ ನಿಖರತೆಯನ್ನು ಕಾಣಿಸುವುದಿಲ್ಲ. ಹಿಪ್ಪೊಕ್ಯಾಂಪಸಿನ ಪಿರಮಿಡ್ ಕೋಶಗಳಲ್ಲಿ ನಿರಂತರ ತಡೆಯ ಹೆಚ್ಚಿನ ಪಾಲು ಆಲ್ಫಾ-5 ಮತ್ತು ಗಾಮಾ-2 ಇರುವ ಗ್ರಾಹಕಗಳದ್ದಾದ್ದರಿಂದ ಅಲ್ಲಿ ಬೆಂಜೊಡಯಾಜೆಪೀನುಗಳು ನಿರಂತರ ತಡೆಯನ್ನೂ ಹೆಚ್ಚಿಸಬಲ್ಲವು. ಯಾವ ಕೋಶ ಎಂದು ಕೇಳದೆ ಔಷಧದ ಬಗ್ಗೆ ಮಾತನಾಡುವುದು ಅರ್ಧ ಮಾತು ಎಂಬ ನನ್ನ ನಂಬಿಕೆ ಗಟ್ಟಿಯಾದದ್ದು ಈ ಹೋಲಿಕೆಯಿಂದ.

ವಿಗಾಬಾಟ್ರಿನ್ ಮತ್ತು ಟಿಯಾಗಾಬಿನ್ ಗ್ರಾಹಕವನ್ನು ಮುಟ್ಟುವುದೇ ಇಲ್ಲ. ಮೊದಲನೆಯದು ಗ್ಯಾಬಾವನ್ನು ಒಡೆಯುವ ಟ್ರಾನ್ಸಾಮಿನೇಸ್ ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತದೆ. ಎರಡನೆಯದು ಗ್ಯಾಬಾವನ್ನು ಕೋಶದೊಳಕ್ಕೆ ಹಿಂದೆಳೆದುಕೊಳ್ಳುವ ಗ್ಯಾಟ್-1 ಸಾಗಣೆಕಾರಕವನ್ನು ತಡೆಯುತ್ತದೆ. ಎರಡರಿಂದಲೂ ಹೊರದ್ರವದ ಗ್ಯಾಬಾ ಏರುತ್ತದೆ. ಆದ್ದರಿಂದ ಮಾದರಿಯಲ್ಲಿ ವಾಹಕತೆಯನ್ನು ನೇರವಾಗಿ ಕೊಡುವ ಬದಲು, ಗ್ಯಾಬಾ ಸಾಂದ್ರತೆಯಿಂದ ಅದನ್ನು ಪಡೆಯುವ ಸಮೀಕರಣವನ್ನು ಬರೆದೆವು: ಗರಿಷ್ಠ ವಾಹಕತೆಯನ್ನು ಸಾಂದ್ರತೆಯಿಂದ ಗುಣಿಸಿ, ಸಾಂದ್ರತೆ ಮತ್ತು ಅರ್ಧಪರಿಣಾಮದ ಸಾಂದ್ರತೆಗಳ ಮೊತ್ತದಿಂದ ಭಾಗಿಸುವುದು. ಡೆಲ್ಟಾ ಗ್ರಾಹಕಕ್ಕೆ ಅರ್ಧಪರಿಣಾಮದ ಸಾಂದ್ರತೆಯನ್ನು 1 ಮೈಕ್ರೋಮೋಲಾರ್, ಗರಿಷ್ಠವನ್ನು 3 ನ್ಯಾನೋಸೀಮನ್ಸ್ ಎಂದಿಟ್ಟರೆ, 0.2 ಮೈಕ್ರೋಮೋಲಾರ್ ಗ್ಯಾಬಾದಲ್ಲಿ ಸರಿಯಾಗಿ 0.5 ನ್ಯಾನೋಸೀಮನ್ಸ್ ಸಿಗುತ್ತದೆ. ಗ್ಯಾಬಾ ಇಮ್ಮಡಿಯಾಗಿ 0.4 ಆದರೆ ವಾಹಕತೆ 0.86ಕ್ಕೆ ಏರುತ್ತದೆ, ಇಮ್ಮಡಿಯಾಗುವುದಿಲ್ಲ. ಸಿನ್ಯಾಪ್ಸಿನ ಗ್ರಾಹಕಕ್ಕೆ ಅರ್ಧಪರಿಣಾಮದ ಸಾಂದ್ರತೆ ಹತ್ತಾರು ಮೈಕ್ರೋಮೋಲಾರ್ ಇರುವುದರಿಂದ ಈ ಏರಿಕೆ ಅದರ ಗಮನಕ್ಕೂ ಬಾರದು.

ನ್ಯೂರೋಸ್ಟೀರಾಯ್ಡುಗಳ ಕಥೆ ಇನ್ನೊಂದು ಬಗೆಯದು, ಮತ್ತು ನಾವು ಹೆಚ್ಚು ಹೊತ್ತು ಕಳೆದದ್ದು ಅವುಗಳ ಮೇಲೆಯೇ. ಪ್ರೊಜೆಸ್ಟೆರೋನಿನಿಂದ ದೇಹವೇ ತಯಾರಿಸುವ ಅಲ್ಲೋಪ್ರೆಗ್ನನೋಲೋನ್ ಮತ್ತು ಅದರ ಬಂಧುಗಳು ಕೆಲವೇ ಹತ್ತು ನ್ಯಾನೋಮೋಲಾರ್ ಸಾಂದ್ರತೆಯಲ್ಲಿ ನಿರಂತರ ತಡೆಯನ್ನು ಹೆಚ್ಚಿಸುತ್ತವೆ, ಡೆಲ್ಟಾ ಇಲ್ಲದ ಇಲಿಗಳಲ್ಲಿ ಈ ಪರಿಣಾಮ ಬಹುಮಟ್ಟಿಗೆ ಕುಸಿಯುತ್ತದೆ ಎಂದು 2003ರಲ್ಲಿ ಇಸ್ಟ್ವಾನ್ ಮೋಡಿ ಅವರ ಪ್ರಯೋಗಾಲಯ ತೋರಿಸಿತು. ಸ್ಟೀರಾಯ್ಡ್ ಅಂಟುವ ಜಾಗ ಡೆಲ್ಟಾ ಉಪಘಟಕದಲ್ಲಿ ಇಲ್ಲ, ಪೊರೆಯೊಳಗಿನ ಆಲ್ಫಾ ಮತ್ತು ಬೀಟಾ ಭಾಗಗಳಲ್ಲಿದೆ. ಹಾಗಿದ್ದರೂ ಡೆಲ್ಟಾ ಗ್ರಾಹಕದಲ್ಲೇ ಹೆಚ್ಚು ಫಲ ಕಾಣಲು ಕಾರಣವೆಂದರೆ, ಆ ಗ್ರಾಹಕಕ್ಕೆ ಗ್ಯಾಬಾ ಸುಲಭವಾಗಿ ಅಂಟಿದರೂ ಅದನ್ನು ಪೂರ್ತಿ ತೆರೆಯಲಾರದು, ಹೀಗಾಗಿ ಮೇಲಕ್ಕೆ ಏರಲು ಅಲ್ಲಿ ಬಹಳ ಜಾಗ ಉಳಿದಿರುತ್ತದೆ. ಮಾದರಿಯಲ್ಲಿ ಇದು ಗರಿಷ್ಠ ವಾಹಕತೆಯನ್ನು ಹೆಚ್ಚಿಸುವುದಕ್ಕೆ ಸಮ. ಗರಿಷ್ಠವನ್ನು 3ರಿಂದ 6ಕ್ಕೆ ಒಯ್ದರೆ ನಿರಂತರ ತಡೆ 1 ನ್ಯಾನೋಸೀಮನ್ಸ್ ಆಗುತ್ತದೆ, ಜೊತೆಗೆ ವಿಗಾಬಾಟ್ರಿನ್ ಕೂಡ ಇದ್ದು ಗ್ಯಾಬಾ 0.4 ಆಗಿದ್ದರೆ 1.71 ಆಗುತ್ತದೆ. ಒಂದು ಔಷಧ ಸಾಂದ್ರತೆಯನ್ನೂ ಇನ್ನೊಂದು ಗರಿಷ್ಠವನ್ನೂ ಏರಿಸಿದಾಗ ಪರಿಣಾಮಗಳು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ.

ಗರ್ಭಾವಸ್ಥೆಯಲ್ಲಿ ಅಲ್ಲೋಪ್ರೆಗ್ನನೋಲೋನ್ ಬಹಳ ಏರಿ, ಹೆರಿಗೆಯಾದ ಕೂಡಲೇ ಕುಸಿಯುತ್ತದೆ. ಇಲಿಗಳಲ್ಲಿ ಈ ಏರಿಕೆಗೆ ಪ್ರತಿಯಾಗಿ ಡೆಲ್ಟಾ ಗ್ರಾಹಕಗಳ ಸಂಖ್ಯೆ ಇಳಿಯುತ್ತದೆ ಎಂದು 2008ರಲ್ಲಿ ಜೇಮಿ ಮ್ಯಾಗ್ವಾಯರ್ ಮತ್ತು ಮೋಡಿ ವರದಿ ಮಾಡಿದರು. ಇದನ್ನು ನಮ್ಮ ಅಂಕಿಗಳಲ್ಲಿ ಇಟ್ಟು ನೋಡಿದೆವು. ಸ್ಟೀರಾಯ್ಡಿನಿಂದ ತಡೆ ಇಮ್ಮಡಿ, ಗ್ರಾಹಕಗಳು ಅರ್ಧ, ಆದ್ದರಿಂದ ಬಸುರಿನಲ್ಲಿ ಒಟ್ಟು ತಡೆ ಮೊದಲಿನ 0.5 ನ್ಯಾನೋಸೀಮನ್ಸ್. ಹೆರಿಗೆಯ ನಂತರ ಸ್ಟೀರಾಯ್ಡ್ ಇಳಿದು, ಗ್ರಾಹಕಗಳು ಇನ್ನೂ ಮೇಲೇಳದಿರುವ ದಿನಗಳಲ್ಲಿ ಉಳಿಯುವುದು 0.25 ಮಾತ್ರ. ಕೋಶದ ರೋಧ 1 ಗಿಗಾಓಮ್‌ನಿಂದ 1.33ಕ್ಕೆ ಏರುತ್ತದೆ, ಅಷ್ಟೇ ಪ್ರಚೋದನೆಗೆ ಮೂರನೇ ಒಂದು ಭಾಗ ಹೆಚ್ಚು ಪ್ರತಿಕ್ರಿಯೆ ಬರುತ್ತದೆ. ಬಾಣಂತಿಯರ ಖಿನ್ನತೆಗೆ ಇದೊಂದೇ ಕಾರಣವೆಂದು ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ಆದರೆ ಅಲ್ಲೋಪ್ರೆಗ್ನನೋಲೋನನ್ನೇ ಬ್ರೆಕ್ಸನೋಲೋನ್ ಎಂಬ ಹೆಸರಿನಲ್ಲಿ 60 ಗಂಟೆಗಳ ಕಾಲ ರಕ್ತನಾಳಕ್ಕೆ ಹನಿಸುವ ಚಿಕಿತ್ಸೆಗೆ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟದ್ದರ ಹಿಂದೆ, ಮತ್ತು 2023ರಲ್ಲಿ ಜುರನೋಲೋನ್ ಎಂಬ ಗುಳಿಗೆಗೆ ಒಪ್ಪಿಗೆ ಸಿಕ್ಕಿದ್ದರ ಹಿಂದೆ, ಇಂತಹ ತರ್ಕವಿದೆ. ಬಾಣಂತಿಯ ಅಳು, ನಿದ್ದೆಗೇಡು, ಮಗುವಿನ ಮೇಲೆ ಮನಸ್ಸು ನಿಲ್ಲದಿರುವುದು ಇವನ್ನು ಸ್ವಭಾವದೋಷವೆಂದು ಕಾಣುವ ಮನೆಗಳು ನಮ್ಮ ಭಾಗದಲ್ಲಿ ಇನ್ನೂ ಇವೆ. ನರಕೋಶದ ಪೊರೆಯಲ್ಲಿ ಆಗುವ ಬದಲಾವಣೆಯನ್ನು ಭಾವೀ ವೈದ್ಯರು ಅಂಕಿಗಳಲ್ಲಿ ಕಂಡುಕೊಳ್ಳುವುದು ಆ ಕಾರಣಕ್ಕಾಗಿಯೂ ನನಗೆ ಮುಖ್ಯವೆನಿಸುತ್ತದೆ.

ಉಳಿದ ಔಷಧಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಪ್ರೊಪೊಫಾಲ್, ಎಟೊಮಿಡೇಟ್, ಐಸೊಫ್ಲೂರೇನ್ ಮುಂತಾದ ಅರಿವಳಿಕೆಗಳು ಕ್ಷಣಿಕ ಮತ್ತು ನಿರಂತರ ತಡೆಗಳೆರಡನ್ನೂ ಹೆಚ್ಚಿಸುತ್ತವೆ. ಎಟೊಮಿಡೇಟಿನಿಂದ ಆಗುವ ಮರೆವಿಗೆ ಆಲ್ಫಾ-5 ಗ್ರಾಹಕ ಬೇಕೇಬೇಕು ಎಂಬುದು ಆ ಗ್ರಾಹಕವಿಲ್ಲದ ಇಲಿಗಳಲ್ಲಿ ಕಂಡುಬಂದಿದೆ. ಗಾಬೊಕ್ಸಡಾಲ್ ಡೆಲ್ಟಾ ಗ್ರಾಹಕವನ್ನು ಗ್ಯಾಬಾಗಿಂತಲೂ ಹೆಚ್ಚು ತೆರೆಯುತ್ತದೆ. ನಿದ್ದೆಯ ಔಷಧವಾಗಿ ಅದನ್ನು ತರುವ ಪ್ರಯತ್ನ 2007ರಲ್ಲಿ ನಿಂತುಹೋಯಿತು. ಮದ್ಯಸಾರವು ಡೆಲ್ಟಾ ಗ್ರಾಹಕಗಳ ಮೇಲೆ ನೇರವಾಗಿ ಕೆಲಸ ಮಾಡುತ್ತದೆಯೇ ಎಂಬ ಬಗ್ಗೆ ಪ್ರಯೋಗಾಲಯಗಳ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಆದ್ದರಿಂದ ಅದನ್ನು ಮಾದರಿಗೆ ಸೇರಿಸಲು ಹೊರಟ ವಿದ್ಯಾರ್ಥಿಯನ್ನು ನಾನು ತಡೆದೆ. ಅಂಕಿಯ ಮೂಲ ಗಟ್ಟಿಯಿಲ್ಲದಾಗ ಮಾದರಿ ಕೊಡುವ ಉತ್ತರ ನಮ್ಮ ಊಹೆಯ ಪ್ರತಿಧ್ವನಿ ಮಾತ್ರ.

ಇಷ್ಟರವರೆಗಿನ ಕೋಶ ಸ್ಪಂದನವನ್ನು, ಅಂದರೆ ನರಕೋಶ ಸುದ್ದಿ ಕಳಿಸುವ ವಿದ್ಯುತ್ ಮಿಡಿತವನ್ನು, ಹೊಮ್ಮಿಸದ, ಬರೀ ಸೋರುವ ಕೋಶವಾಗಿತ್ತು. ಸೋಡಿಯಂ ಮತ್ತು ಪೊಟ್ಯಾಸಿಯಂ ವಾಹಿನಿಗಳನ್ನು ಸೇರಿಸಿದ ಮೇಲೆ, ಒಳಬರುವ ಪ್ರಚೋದನೆ ಹೆಚ್ಚಿದಂತೆ ಸ್ಪಂದನಗಳ ಸಂಖ್ಯೆ ಹೇಗೆ ಹೆಚ್ಚುತ್ತದೆ ಎಂಬ ರೇಖೆಯನ್ನು ಎಳೆದೆವು. ಸ್ಥಿರ ಪ್ರವಾಹ ಕೊಟ್ಟಾಗ ನಿರಂತರ ತಡೆಯು ಆ ರೇಖೆಯನ್ನು ಬಲಕ್ಕೆ ತಳ್ಳಿತು, ಅದರ ಓರೆಯನ್ನು ಹೆಚ್ಚು ಬದಲಿಸಲಿಲ್ಲ. ಪ್ರಚೋದನೆಯನ್ನು ಸ್ಥಿರ ಪ್ರವಾಹದ ಬದಲು ಅನಿಯತವಾಗಿ ಬರುವ ಸಿನ್ಯಾಪ್ಸ್ ಸಂಕೇತಗಳಾಗಿ ಕೊಟ್ಟಾಗ ರೇಖೆಯ ಓರೆಯೂ ತಗ್ಗಿತು. ಗ್ರಾನ್ಯೂಲ್ ಕೋಶಗಳಲ್ಲಿ ಸೈಮನ್ ಮಿಚೆಲ್ ಮತ್ತು ಆಂಗಸ್ ಸಿಲ್ವರ್ 2003ರಲ್ಲಿ ಪ್ರಯೋಗದಿಂದ ತೋರಿಸಿದ್ದಕ್ಕೆ ಇದು ಹೊಂದುತ್ತದೆ. ಪಿರಮಿಡ್ ಕೋಶಗಳಲ್ಲಿ ಮಾತ್ರ ನಿರಂತರ ತಡೆಯ ವಾಹಕತೆ ವಿಭವ ಏರಿದಷ್ಟೂ ಹೆಚ್ಚುವುದರಿಂದ, ಅದು ಮುಖ್ಯವಾಗಿ ರೇಖೆಯನ್ನು ಸರಿಸುತ್ತದೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ನಮ್ಮ ಘಟಕಕ್ಕೆ ಆ ವಿಭವ ಅವಲಂಬನೆಯನ್ನು ಸೇರಿಸಿದಾಗ ನಮಗೂ ಹಾಗೆಯೇ ಕಂಡಿತು.

ಇನ್ನು ವಿದ್ಯಾರ್ಥಿನಿಯ ಪ್ರಶ್ನೆ. ಅದಕ್ಕೆ ಗ್ರಾನ್ಯೂಲ್ ಕೋಶದಲ್ಲಿ ಉತ್ತರವಿಲ್ಲ, ಥಾಲಮಸಿನಿಂದ ಮೆದುಳಿನ ತೊಗಟೆಗೆ ಸಂಕೇತ ಒಯ್ಯುವ ಕೋಶದಲ್ಲಿ ಇದೆ. ಪ್ರಕಟಿತ ಮಾದರಿಗಳನ್ನು ಸಂಗ್ರಹಿಸಿಡುವ ಮಾಡೆಲ್‌ಡಿಬಿ ಎಂಬ ಮುಕ್ತ ಭಂಡಾರದಿಂದ ಅಲೆನ್ ಡೆಸ್ಟೆಕ್ಸ್ ಅವರು ಬಳಸಿದ ಥಾಲಮಸ್ ಕೋಶದ ಮಾದರಿಯನ್ನು ಪಡೆದು, ಅದಕ್ಕೆ ನಮ್ಮ ನಿರಂತರ ತಡೆಯ ಘಟಕವನ್ನು ಜೋಡಿಸಿದೆವು. ಈ ಕೋಶದಲ್ಲಿ ಟಿ-ಬಗೆಯ ಕ್ಯಾಲ್ಸಿಯಂ ವಾಹಿನಿಗಳಿವೆ. ವಿಭವ −60ರ ಆಸುಪಾಸಿನಲ್ಲಿ ಇದ್ದಾಗ ಅವು ನಿಷ್ಕ್ರಿಯವಾಗಿರುತ್ತವೆ, ಕೋಶವು ಬಂದ ಪ್ರಚೋದನೆಗೆ ಒಂದೊಂದೇ ಸ್ಪಂದನ ಕೊಡುತ್ತ ಸುದ್ದಿಯನ್ನು ಇದ್ದ ಹಾಗೆ ದಾಟಿಸುತ್ತದೆ. ವಿಭವ −70ಕ್ಕಿಂತ ಕೆಳಗೆ ಸ್ವಲ್ಪ ಹೊತ್ತು ಉಳಿದರೆ ಅವೇ ವಾಹಿನಿಗಳು ಸಿದ್ಧವಾಗಿ, ಮುಂದಿನ ಸಣ್ಣ ಪ್ರಚೋದನೆಗೇ ಒಟ್ಟಿಗೆ ತೆರೆದು, ಸ್ಪಂದನಗಳ ಗೊಂಚಲನ್ನೇ ಸಿಡಿಸುತ್ತವೆ. ಇಲ್ಲಿ ಗ್ಯಾಬಾದ ತಿರುವು ವಿಭವವನ್ನು −80ರ ಹತ್ತಿರ ಇಟ್ಟು, ನಿರಂತರ ತಡೆಯನ್ನು ಮೆಲ್ಲಗೆ ಏರಿಸುತ್ತ ಹೋದೆವು. ಮೊದಲು ಬಿಡಿ ಸ್ಪಂದನಗಳು ವಿರಳವಾದವು, ಬಳಿಕ ನಿಂತವು. ಇನ್ನೂ ಏರಿಸಿದಾಗ, ಮೌನವಾಗಿದ್ದ ಕೋಶ ಅದೇ ಪ್ರಚೋದನೆಗೆ ಗೊಂಚಲುಗಳನ್ನು ಸಿಡಿಸತೊಡಗಿತು. ತಡೆ ಹೆಚ್ಚಾದುದೇ ಅಬ್ಬರಕ್ಕೆ ಕಾರಣವಾಯಿತು.

ಆಬ್ಸೆನ್ಸ್ ಮೂರ್ಛೆಯಲ್ಲಿ ಥಾಲಮಸ್ ಮತ್ತು ತೊಗಟೆ ಸೆಕೆಂಡಿಗೆ ಸುಮಾರು ಮೂರು ಸಲದ ಲಯದಲ್ಲಿ ಒಂದನ್ನೊಂದು ಹಿಡಿದುಕೊಂಡು ಆಡುವುದಕ್ಕೆ ಇಂತಹ ಗೊಂಚಲುಗಳು ನೆರವಾಗುತ್ತವೆ. 2009ರಲ್ಲಿ ಡೇವಿಡ್ ಕೋಪ್, ವಿನ್ಸೆಂಜೊ ಕ್ರುನೆಲ್ಲಿ ಮತ್ತು ಸಂಗಡಿಗರು, ಆಬ್ಸೆನ್ಸ್ ಮೂರ್ಛೆ ಇರುವ ಪ್ರಾಣಿಗಳ ಥಾಲಮಸಿನಲ್ಲಿ ನಿರಂತರ ತಡೆ ಕಡಿಮೆಯಾಗಿಲ್ಲ, ಹೆಚ್ಚಾಗಿದೆ ಎಂದೂ, ಅದಕ್ಕೆ ಗ್ಯಾಟ್-1 ಸಾಗಣೆಕಾರಕದ ಕುಂದು ಒಂದು ಕಾರಣವೆಂದೂ ತೋರಿಸಿದರು. ಟಿಯಾಗಾಬಿನ್ ತಡೆಯುವುದು ಅದೇ ಸಾಗಣೆಕಾರಕವನ್ನು. ವಿಗಾಬಾಟ್ರಿನ್ ಬೇರೆ ದಾರಿಯಿಂದ ಅದೇ ಸಾಂದ್ರತೆಯನ್ನು ಏರಿಸುತ್ತದೆ. ಎಥೊಸಕ್ಸಿಮೈಡ್ ಎಂಬ ಔಷಧ ಆಬ್ಸೆನ್ಸ್ ಮೂರ್ಛೆಯ ಮಕ್ಕಳಿಗೆ ಹಿತವಾಗುವುದು ಟಿ-ಬಗೆಯ ವಾಹಿನಿಯ ಮೇಲಿನ ಅದರ ಕೆಲಸದಿಂದ ಎಂಬ ಪಠ್ಯದ ಸಾಲೂ ಈಗ ಒಂಟಿ ಸಾಲಾಗಿ ಉಳಿಯಲಿಲ್ಲ. ಮಾದರಿಯಲ್ಲಿ ಆ ವಾಹಕತೆಯನ್ನು ತಗ್ಗಿಸಿದಾಗ ಗೊಂಚಲುಗಳು ಅಡಗುವುದನ್ನು ಆ ವಿದ್ಯಾರ್ಥಿನಿಯೇ ನಡೆಸಿ ತೋರಿಸಿದಳು. ಇದೇ ವಿಗಾಬಾಟ್ರಿನ್ ಹಸುಳೆಗಳ ಸೆಳವಿನಲ್ಲಿ, ವಿಶೇಷವಾಗಿ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಆನುವಂಶಿಕ ಕಾಯಿಲೆ ಇರುವವರಲ್ಲಿ, ಬಹಳ ಉಪಯುಕ್ತ ಔಷಧ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು, ಇಲ್ಲದಿದ್ದರೆ ಓದುಗರು ಅದನ್ನು ಕೆಟ್ಟ ಔಷಧವೆಂದು ತಿಳಿದಾರು. ವೈದ್ಯರನ್ನು ಕೇಳದೆ ಯಾರೂ ಮೂರ್ಛೆಯ ಗುಳಿಗೆಯನ್ನು ನಿಲ್ಲಿಸಬಾರದು, ಬದಲಿಸಬಾರದು.

ಕೊನೆಯದಾಗಿ, ನಿಲ್ಲದ ಸೆಳವಿನ ಪ್ರಶ್ನೆ. ನವಲಗುಂದ, ಕಲಘಟಗಿ, ಶಿಗ್ಗಾವಿ, ಸವಣೂರಿನ ಕಡೆಯ ಹಳ್ಳಿಗಳಿಂದ ಸೆಳವು ನಿಲ್ಲದ ರೋಗಿಯನ್ನು ಹುಬ್ಬಳ್ಳಿಗೆ ತರುವಷ್ಟರಲ್ಲಿ ಅಮೂಲ್ಯವಾದ ಹೊತ್ತು ಕಳೆದಿರುತ್ತದೆ. ಉಳ್ಳಾಗಡ್ಡಿ ಮೂಸಿಸುವುದರಲ್ಲಿ, ಕೈಗೆ ಕಬ್ಬಿಣ ಕೊಡುವುದರಲ್ಲಿ ಇನ್ನಷ್ಟು ಹೊತ್ತು ಹೋಗುತ್ತದೆ. ಸೆಳವು ಮುಂದುವರಿದಂತೆ ಸಿನ್ಯಾಪ್ಸಿನ ಗಾಮಾ-2 ಗ್ರಾಹಕಗಳು ಪೊರೆಯಿಂದ ಕೋಶದೊಳಕ್ಕೆ ಸರಿದುಬಿಡುತ್ತವೆ ಎಂದು ಪ್ರಾಣಿಗಳಲ್ಲಿ ಕಂಡುಬಂದಿದೆ. ಡಯಾಜೆಪಾಮ್, ಲೊರಾಜೆಪಾಮ್, ಮಿಡಾಜೊಲಾಮ್‌ಗಳಿಗೆ ಹಿಡಿತ ಸಿಗುವುದು ಅವುಗಳಲ್ಲೇ. ಐದು ನಿಮಿಷ ದಾಟಿದ ಸೆಳವಿಗೆ ಕೂಡಲೇ ಔಷಧ ಬೇಕು ಎಂಬ ನಿಯಮದ ಹಿಂದೆ, ಮೂಗಿಗೆ ಸಿಂಪಡಿಸುವ ಮಿಡಾಜೊಲಾಮ್ ಮನೆಯಲ್ಲೇ ಇರಲಿ ಎಂಬ ವೈದ್ಯರ ಸಲಹೆಯ ಹಿಂದೆ ಈ ಸಂಗತಿಯೂ ಇದೆ. ಸಿನ್ಯಾಪ್ಸಿನ ಹೊರಗಿನ ಡೆಲ್ಟಾ ಗ್ರಾಹಕಗಳು ಹೀಗೆ ಬೇಗ ಸರಿಯುವುದಿಲ್ಲವಾದ್ದರಿಂದ ನ್ಯೂರೋಸ್ಟೀರಾಯ್ಡುಗಳು ತಡವಾದ ಹಂತದಲ್ಲೂ ಕೆಲಸ ಮಾಡಬೇಕು ಎಂಬ ಆಸೆ ಸಹಜವಾಗಿತ್ತು. ನಮ್ಮ ಮಾದರಿಯೂ ಅದನ್ನೇ ಹೇಳಿತು. ಆದರೆ ಯಾವ ಔಷಧಕ್ಕೂ ಬಗ್ಗದ ಸೆಳವಿನಲ್ಲಿ ಬ್ರೆಕ್ಸನೋಲೋನನ್ನು ಪರೀಕ್ಷಿಸಿದ ದೊಡ್ಡ ಪ್ರಯೋಗ 2017ರಲ್ಲಿ ನಿರೀಕ್ಷಿತ ಫಲ ಕೊಡಲಿಲ್ಲ.

ಮಾದರಿಗೂ ರೋಗಿಗೂ ನಡುವಿನ ಈ ಅಂತರಕ್ಕೆ ಹಲವು ಕಾರಣಗಳಿರಬಹುದು. ನಮ್ಮ ಸಮೀಕರಣದಲ್ಲಿ ಕಣ್ಣಿಗೆ ಬಿದ್ದದ್ದು ಒಂದು: ಗ್ಯಾಬಾದ ತಿರುವು ವಿಭವವನ್ನು ನಾವು ಸ್ಥಿರವೆಂದು ಹಿಡಿದಿದ್ದೆವು. ಸೆಳವಿನಲ್ಲಿ ಕ್ಲೋರೈಡ್ ಕೋಶದೊಳಗೆ ತುಂಬಿಕೊಳ್ಳುತ್ತದೆ, ಅದನ್ನು ಹೊರಹಾಕುವ ಕೆಸಿಸಿ-2 ಸಾಗಣೆಕಾರಕವೂ ಕುಂದುತ್ತದೆ, ತಿರುವು ವಿಭವ ಮೇಲಕ್ಕೆ ಸರಿಯುತ್ತದೆ. ಮೊದಲಿನ ಸರಳ ಕೋಶಕ್ಕೇ ಮರಳಿ, ಸ್ಪಂದನದ ಹೊಸ್ತಿಲನ್ನು −45 ಮಿಲಿವೋಲ್ಟ್ ಎಂದಿಟ್ಟು ಲೆಕ್ಕ ಮಾಡಿದೆವು. ನಿರಂತರ ತಡೆ ಇಲ್ಲದಿದ್ದರೆ ಹೊಸ್ತಿಲು ಮುಟ್ಟಲು 12.5 ಪಿಕೋಆಂಪಿಯರ್ ಸಾಕು. 0.5 ನ್ಯಾನೋಸೀಮನ್ಸ್ ತಡೆ ಇದ್ದು ತಿರುವು ವಿಭವ −70 ಇದ್ದರೆ 25 ಬೇಕು. ಅದು −55ಕ್ಕೆ ಸರಿದರೆ ಕೋಶದ ವಿಶ್ರಾಂತಿ ವಿಭವವೇ −62.5ಕ್ಕೆ ಏರುತ್ತದೆ. ಆಗಲೂ 17.5 ಬೇಕು, ಅಂದರೆ ವಿಭವವನ್ನು ಮೇಲೆತ್ತುತ್ತಿದ್ದರೂ ಅದು ತಡೆಯೇ. ತಿರುವು ವಿಭವ −45ಕ್ಕೆ, ಹೊಸ್ತಿಲಿಗೇ, ಬಂದು ನಿಂತರೆ ಬೇಕಾಗುವ ಪ್ರವಾಹ ಮತ್ತೆ 12.5. ಆಗ ನಿರಂತರ ವಾಹಕತೆಯನ್ನು ಇಮ್ಮಡಿ ಮಾಡಿದರೂ ಹತ್ತು ಪಟ್ಟು ಮಾಡಿದರೂ ಈ ಅಂಕಿ ಬದಲಾಗುವುದಿಲ್ಲ. ಅದಕ್ಕಿಂತ ಒಂದು ಮಿಲಿವೋಲ್ಟ್ ಮೇಲೇರಿದರೆ, ತಡೆಯನ್ನು ಹೆಚ್ಚಿಸಲೆಂದು ಕೊಟ್ಟ ಔಷಧವೇ ಕೋಶವನ್ನು ಕೆರಳಿಸುತ್ತದೆ. ಈಗ ನಾವು ಕ್ಲೋರೈಡಿನ ಒಳಹರಿವು ಮತ್ತು ಹೊರಸಾಗಣೆಯನ್ನು ಮಾದರಿಯೊಳಗೆ ಬರೆಯುತ್ತಿದ್ದೇವೆ, ಏಕೆಂದರೆ ಬಲವಾದ ನಿರಂತರ ತಡೆಯೇ ಕೋಶದೊಳಕ್ಕೆ ಹೆಚ್ಚು ಕ್ಲೋರೈಡನ್ನು ಬಿಟ್ಟುಕೊಳ್ಳುತ್ತದೆ, ಮತ್ತು ಎಷ್ಟು ಹೊತ್ತಿನ ಸೆಳವಿನ ನಂತರ ತಿರುವು ವಿಭವ ಆ ಹೊಸ್ತಿಲನ್ನು ಮುಟ್ಟುತ್ತದೆ ಎಂಬುದನ್ನು ಸ್ಥಿರ ಅಂಕಿಗಳಿಂದ ಕಂಡುಕೊಳ್ಳಲು ಸಾಧ್ಯವಿಲ್ಲ.